ಕಿಂಡಿರಾಯರ ಕೊಳೆ ಗಾಡಿ

ನನ್ನ ಗಂಡ ರೈಲು ಕಟ್ಟುತ್ತಾರೆ ಎಂದರೆ ಕೇಳಿದವರು ಮೊದಲು ಅವರ ತೋಳು ನೋಡುತ್ತಾರೆ. ಆ ತೋಳಿಗೆ ಒಂದು ಬಕೆಟ್ ನೀರು ಎತ್ತುವ ಶಕ್ತಿಯೂ ಇಲ್ಲ. ಅವರು ಕಟ್ಟುವ ಬೋಗಿ ನನ್ನ ಅಂಗೈಯಷ್ಟು ಉದ್ದ. ಎಂಜಿನ್ ಸಮೇತ ಇಡೀ ಗಾಡಿಯನ್ನು ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಬಹುದು. ನಿಜವಾದ ಗಾಡಿಯ ನೂರ ಅರವತ್ತರಲ್ಲಿ ಒಂದು ಪಾಲು ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಬಂದವರು ತಲೆಯಾಡಿಸಬೇಕು. ಆಡಿಸದಿದ್ದರೆ ಇನ್ನೊಮ್ಮೆ ಹೇಳುತ್ತಾರೆ.

ಅವರು ಕೆಲಸ ಮಾಡಿದ್ದು ಸ್ಟೇಷನ್ನಿನ ಟಿಕೆಟ್ ಕಿಂಡಿಯ ಹಿಂದೆ. ಊರಿನವರಿಗೆ ಅವರ ಮುಖದ ಪರಿಚಯ ಅಷ್ಟಕ್ಕಷ್ಟೆ, ಬೆರಳುಗಳ ಪರಿಚಯ ಚೆನ್ನಾಗಿತ್ತು. ಹೊತ್ತಿಗೆ ಸರಿಯಾಗಿ ಕಿಂಡಿ ತೆರೆಯುವುದು, ಹೊತ್ತಿಗೆ ಸರಿಯಾಗಿ ಮುಚ್ಚುವುದು, ಇದೇ ಅವರ ಜೀವಮಾನದ ಸಾಧನೆ. ಮಗು ಎತ್ತಿಕೊಂಡ ಹೆಂಗಸು ಎದುರಿಗೆ ನಿಂತು ಅಂಗಲಾಚಿದರೂ ಮುಚ್ಚುವ ಹೊತ್ತಿಗೆ ಮುಚ್ಚಿಯೇ ಬಿಡುತ್ತಿದ್ದರು. ನಮ್ಮ ಗ್ಯಾಂಗಿನ ಹೆಂಗಸರು ಅವರಿಗೆ ಕಿಂಡಿರಾಯರು ಎಂದು ಹೆಸರಿಟ್ಟಿದ್ದರು. ಮದುವೆಯಾದ ಮೇಲೂ ಆ ಹೆಸರು ಬದಲಾಯಿಸುವಂಥದ್ದೇನೂ ನನಗೆ ಅವರಲ್ಲಿ ಕಾಣಲಿಲ್ಲ.

ನಮ್ಮ ಗ್ಯಾಂಗು ಎಂದರೆ ಬೋಗಿ ತೊಳೆಯುವ ಗ್ಯಾಂಗು. ಸಂಜೆ ಬಂದ ಗಾಡಿ ಯಾರ್ಡಿನಲ್ಲಿ ನಿಂತಿರುತ್ತಿತ್ತು. ಹೊಗೆ, ಧೂಳು, ಬ್ರೇಕಿನ ಕಬ್ಬಿಣದ ಪುಡಿ, ಕಿಟಕಿಯಿಂದ ಹೊರಗೆ ಮಾಡಿದ ವಾಂತಿ, ಉಗುಳು, ಎಲ್ಲವೂ ಬೋಗಿಯ ಮೈಗೆ ಮೆತ್ತಿಕೊಂಡಿರುತ್ತಿತ್ತು. ಬೆಳಕು ಹರಿಯುವ ಮೊದಲೇ ಉದ್ದ ಕೋಲಿನ ಬ್ರಷ್ಷು, ಸೋಪಿನ ನೀರು ಹಿಡಿದು ನಾವು ಇಳಿಯುತ್ತಿದ್ದೆವು. ಹೊಸದಾಗಿ ಸೇರಿದವಳಿಗೆ ಕಲಿಸುತ್ತಿದ್ದ ಮೊದಲ ಪಾಠ, ಮೇಲಿನಿಂದ ಕೆಳಕ್ಕೆ. ಕೆಳಗಿನಿಂದ ಶುರು ಮಾಡಿದರೆ ಮೇಲಿನ ಕೊಳೆ ಇಳಿದು ಒರೆಸಿದ್ದೆಲ್ಲ ದಂಡ. ಚಳಿಯಲ್ಲಿ ಬೆರಳುಗಳು ಮರಗಟ್ಟಿ ಬ್ರಷ್ಷು ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಆದರೂ ಬೆಳಗಿನ ಪ್ಯಾಸೆಂಜರ್ ಪ್ಲಾಟ್‌ಫಾರಂಗೆ ಬಂದು ನಿಲ್ಲುವಾಗ ಪಳಪಳ ಹೊಳೆಯುತ್ತಿತ್ತು. ನಾನು ಆ ಗ್ಯಾಂಗಿಗೆ ಸೇರಿದಾಗ ಎಲ್ಲರಿಗಿಂತ ಚಿಕ್ಕವಳು, ಬಿಡುವಾಗ ಮೇಸ್ತ್ರಿ. ನನ್ನ ಕಾಲದಲ್ಲಿ ಒಂದು ದಿನವೂ ಆ ಗಾಡಿ ಕೊಳೆಯಾಗಿ ಹೊರಟಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ, ನನಗೆ ಬೇರೆ ಜಂಬವೇನೂ ಇಲ್ಲ.

ಕಿಂಡಿರಾಯರು ನನ್ನ ಕಣ್ಣಿಗೆ ಬಿದ್ದದ್ದೇ ಆ ಹೊಳಪಿನಿಂದ. ಬೆಳಗಿನ ಕಿಂಡಿ ತೆರೆಯುವ ಮೊದಲು ಆ ಮನುಷ್ಯ ಪ್ಲಾಟ್‌ಫಾರಂಗೆ ಬಂದು, ಮೂರನೇ ಬೋಗಿಯ ಬಾಗಿಲ ಪಕ್ಕದಲ್ಲಿ ನಿಂತು, ಜೇಬಿನಿಂದ ಬಾಚಣಿಗೆ ತೆಗೆದು ತಲೆ ಬಾಚಿಕೊಳ್ಳುತ್ತಿದ್ದರು. ಆ ಬೋಗಿಗೆ ಆಗಷ್ಟೇ ಹೊಸ ಬಣ್ಣ ಬಳಿದಿದ್ದರು, ನಾವು ತೊಳೆದರೆ ಮುಖ ಕಾಣುತ್ತಿತ್ತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ಹಣೆಯ ಮೇಲೆ ಒಂದು ಸುಳಿ ಕೂರಿಸಿ ಒಳಗೆ ಹೋಗುತ್ತಿದ್ದರು. ನಾವು ಬಕೆಟ್ಟುಗಳ ಹಿಂದೆ ನಿಂತು ನಗುತ್ತಿದ್ದೆವು. ಒಂದು ದಿನ ನಾನೇ ಹೋಗಿ, ಅದು ಸರ್ಕಾರದ ಗಾಡಿ, ನಿಮ್ಮ ಮನೆಯ ಕನ್ನಡಿ ಅಲ್ಲ ಎಂದೆ. ಆಗ ಅವರು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ.

"ನಮ್ಮ ಮನೆ ಕನ್ನಡಿ ಇಷ್ಟು ಚೊಕ್ಕ ಇಲ್ಲ ಕಣ್ರಿ."

ಆ ಒಂದು ಮಾತಿಗೆ ನಾನು ಬಿದ್ದೆ. ಅದಾದ ಮೇಲೆ ಅಷ್ಟು ಒಳ್ಳೆಯ ಮಾತು ಆ ಬಾಯಿಂದ ಬಂದದ್ದು ನನಗೆ ಗೊತ್ತಿಲ್ಲ.

ಕೆಲಸದಿಂದ ನಿವೃತ್ತಿಯಾದ ಮೇಲೆ ಮುಚ್ಚಲು ಕಿಂಡಿ ಇಲ್ಲದೆ ಅವರು ಮಂಕಾದರು. ಮನೆಯ ಕಿಟಕಿಗಳನ್ನೇ ಹೊತ್ತು ನೋಡಿ ಮುಚ್ಚುತ್ತಿದ್ದರು. ಅಂಥ ಸಮಯದಲ್ಲಿ ಅವರನ್ನು ಹಿಡಿದದ್ದು ಹಲ್ಲಿನ ಡಾಕ್ಟರು. ಈ ಡಾಕ್ಟರು ಪುಟ್ಟ ರೈಲುಗಳ ಸಂಘದ ಅಧ್ಯಕ್ಷರು. ಸಂಘ ಎಂದರೆ ಹೆಂಡತಿಯರ ಕೈಗೆ ಸಿಗದೆ ಕೂರಲು ಜಾಗ ಬೇಕಾದ ಗಂಡಸರ ಕೂಟ. ಎಲ್ಲರ ಕೊರಳಲ್ಲೂ ಒಂದೊಂದು ಭೂತಗನ್ನಡಿ. ರೈಲು ಓಡಿಸುವುದಿಲ್ಲ, ರೈಲಿನ ಬಗ್ಗೆ ಜಗಳವಾಡುತ್ತಾರೆ. ಆ ಕಾಲದ ಬೋಗಿಯ ಮೆಟ್ಟಿಲು ಎರಡೋ ಮೂರೋ ಎಂದು ಶುರುವಾದರೆ ಟೀ ಆರಿ ತಣ್ಣಗಾಗುವವರೆಗೂ ಬಿಡುವುದಿಲ್ಲ. ಇತಿಹಾಸಕ್ಕೆ ಎಳ್ಳಷ್ಟೂ ಅಪಚಾರವಾಗಬಾರದಂತೆ. ಇಷ್ಟೆಲ್ಲ ಮಾಡಿ ಆ ಬೋಗಿಗಳಲ್ಲಿ ಒಬ್ಬ ಪ್ರಯಾಣಿಕನೂ ಇರುವುದಿಲ್ಲ. ಆ ಅಳತೆಯಲ್ಲಿ ಮನುಷ್ಯರು ಚೆನ್ನಾಗಿ ಬರುವುದಿಲ್ಲವಂತೆ. ಜನರೇ ಇಲ್ಲದ ಪ್ಯಾಸೆಂಜರ್ ಗಾಡಿ ಎಂದು ನಾನು ನಕ್ಕಿದ್ದಕ್ಕೆ ಕಿಂಡಿರಾಯರು ಒಂದು ಹೊತ್ತು ಮಾತು ಬಿಟ್ಟರು. ನನಗೇನೂ ತೊಂದರೆಯಾಗಲಿಲ್ಲ.

ಸಂಘದವರು ವರ್ಷಕ್ಕೊಂದು ಪ್ರದರ್ಶನ ಇಡುತ್ತಾರೆ. ಅದರಲ್ಲಿ ಗೆದ್ದವರಿಗೆ ಹಿತ್ತಾಳೆಯ ಶೀಲ್ಡು. ಆ ಶೀಲ್ಡಿನ ಮೇಲೆ ನಮ್ಮವರ ಕಣ್ಣು ಬಿತ್ತು. ಯಾವ ಗಾಡಿ ಕಟ್ಟಲಿ ಎಂದು ಯೋಚಿಸಿ ಯೋಚಿಸಿ, ಕೊನೆಗೆ ನಮ್ಮ ಸ್ಟೇಷನ್ನಿನ ಬೆಳಗಿನ ಪ್ಯಾಸೆಂಜರನ್ನೇ ಆರಿಸಿದರು. ಅದು ನಿಂತುಹೋಗಿ ಎಷ್ಟೋ ಕಾಲವಾಗಿದೆ. ನನ್ನ ಗಾಡಿ ಎಂದು ನನಗೆ ಒಳಗೊಳಗೇ ಹಿಗ್ಗಾಯಿತು, ತೋರಿಸಿಕೊಳ್ಳಲಿಲ್ಲ.

ಊಟದ ಮೇಜು ಅವರ ಕಾರ್ಖಾನೆಯಾಯಿತು. ನಾನೂ ಮಗಳೂ ಅಡುಗೆಮನೆಯಲ್ಲಿ ನಿಂತು ಊಟ ಮಾಡುವುದು ಕಲಿತೆವು. ಮಗಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ, ಅವಳು ತಂದುಕೊಟ್ಟ ಚಿಮಟ, ಸೂಜಿ, ಹತ್ತಿ ಎಲ್ಲ ಮೇಜಿಗೆ ಹೋಯಿತು. ಬೋಗಿಯ ಭಾಗಗಳು ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಒಂದೊಂದನ್ನೂ ಸಣ್ಣ ಕತ್ತರಿಯಲ್ಲಿ ಬಿಡಿಸಬೇಕು, ಬಿಡಿಸಿದ ಕಡೆ ಅರದಿಂದ ಉಜ್ಜಬೇಕು, ಸೂಜಿಯ ಮೊನೆಯಲ್ಲಿ ಗೋಂದು ಮುಟ್ಟಿಸಿ ಗೋಡೆಗೆ ಗೋಡೆ ಕೂಡಿಸಬೇಕು. ಚಾವಣಿಯ ಗಾಳಿಗೂಡುಗಳು ಸಾಸಿವೆಗಿಂತ ಸಣ್ಣವು. ಒಂದು ಕೆಳಗೆ ಬಿದ್ದರೆ ಮನೆಯವರೆಲ್ಲ ನೆಲಕ್ಕೆ ಮೂಗು ಹಚ್ಚಿ ಹುಡುಕಬೇಕು, ಗುಡಿಸುವ ಹಾಗಿಲ್ಲ. ಅಕ್ಷರಗಳು ಕಾಗದದ ಮೇಲಿರುತ್ತವೆ. ನೀರಿನಲ್ಲಿ ನೆನೆಸಿ ಜಾರಿಸಿ ಬೋಗಿಯ ಮೈಗೆ ಕೂರಿಸಬೇಕು. ಆ ನೀರಿಗೆ ನನ್ನ ಒಳ್ಳೆಯ ಬಟ್ಟಲೇ ಆಗಬೇಕಿತ್ತು. ಬಣ್ಣಕ್ಕಾಗಿ ಗುಜರಿಗೆ ಹೋಗಿ, ಒಡೆದುಹಾಕಿದ ಹಳೆಯ ಬೋಗಿಯಿಂದ ಒಂದು ಚಕ್ಕೆ ಕೆತ್ತಿ ತಂದರು. ಅದನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರು. ನಾನು ಹೆರಿಗೆಯಾಗಿ ಬಂದಾಗ ಮಗಳನ್ನು ಕೂಡ ಅವರು ಅಷ್ಟು ಜೋಪಾನವಾಗಿ ಎತ್ತಿಕೊಂಡಿರಲಿಲ್ಲ.

ಆದರೆ ಗಾಡಿ ಮುಗಿದ ದಿನ ನಾನು ನೋಡುತ್ತಾ ನಿಂತುಬಿಟ್ಟೆ. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ. ಅದೇ ಇಟ್ಟಿಗೆ ಕೆಂಪು, ಅದೇ ಹಳದಿ ಗೆರೆ, ಅದೇ ಮೂರನೇ ಬೋಗಿ. ಕಿಟಕಿಯ ಬಿಸಿಲು ಬಿದ್ದು ಗಾಡಿ ಹೊಳೆಯುತ್ತಿತ್ತು. ನಾನು ತೊಳೆದು ಕಳಿಸಿದ ಹಾಗೆಯೇ ಇತ್ತು. ನನಗೆ ಕಣ್ಣು ತುಂಬಿ ಬಂತು, ಗೋಂದಿನ ಘಾಟು ಎಂದೆ. ಅವತ್ತು ಅವರಿಗೆ ಕೇಳದೆಯೇ ಎರಡನೇ ಸಲ ಟೀ ಸಿಕ್ಕಿತು.

ಗಾಡಿಯ ಮುಂದೆ ನಿಲ್ಲಿಸಲು ಒಂದು ಪುಟ್ಟ ಫಲಕವನ್ನೂ ಬರೆದರು. ಬೆಳಗಿನ ಪ್ಯಾಸೆಂಜರ್, ಹೊರಡುವ ಮುನ್ನ. ನಾನು ಅದನ್ನು ಓದಿ ನನ್ನ ಹಳೆಯ ಗ್ಯಾಂಗಿನವರಿಗೆ ಸುದ್ದಿ ಕಳಿಸಿದೆ. ನಮ್ಮ ಗಾಡಿಯನ್ನು ನೋಡಲು ಎಲ್ಲರೂ ಬನ್ನಿ ಎಂದೆ. ನಮ್ಮ ಕೆಲಸವನ್ನು ಯಾರೂ ಯಾವತ್ತೂ ಎಲ್ಲಿಯೂ ನೋಡಲು ಇಟ್ಟಿರಲಿಲ್ಲ. ಇಡುವಂಥದ್ದೂ ಅಲ್ಲ. ತೊಳೆದದ್ದು ಸಂಜೆಗೆ ಮತ್ತೆ ಕೊಳೆಯಾಗುತ್ತದೆ.

ಕೆಲವು ದಿನ ಕಳೆದು ಅಂಗಡಿಗೆ ಹೋಗಿ ಬಂದು ನೋಡಿದರೆ ಕಿಂಡಿರಾಯರು ಮೇಜಿನ ಮುಂದೆ ಕೂತು ಇದ್ದಿಲು ಅರೆಯುತ್ತಿದ್ದಾರೆ. ಪಕ್ಕದಲ್ಲಿ ಇಟ್ಟಿಗೆ ಪುಡಿ, ತುಕ್ಕಿನ ಪುಡಿ, ಒಲೆಯ ಮಸಿ. ಒಂದು ಮೆತ್ತನೆಯ ಬ್ರಷ್ಷಿನಲ್ಲಿ ಆ ಮಸಿ ತೆಗೆದು ಮೊದಲನೇ ಬೋಗಿಯ ಮೈಗೆ ಹಚ್ಚುತ್ತಿದ್ದಾರೆ. ಕಿಟಕಿಯ ಕೆಳಗೆ ನೀರು ಇಳಿದ ಕಲೆ, ಮೆಟ್ಟಿಲ ಬಳಿ ಕೆಸರು, ಚಾವಣಿಗೆ ಹೊಗೆ. ಜೀವಮಾನದಲ್ಲಿ ಒಂದು ತಟ್ಟೆ ತೊಳೆಯದ ಕೈ ಕೊಳೆ ಹಚ್ಚುವುದರಲ್ಲಿ ಎಷ್ಟು ನಾಜೂಕು ಎಂದು ನನಗೆ ಆಗ ತಿಳಿಯಿತು.

ಇದೇನು ಮಾಡುತ್ತಿದ್ದೀರಿ ಎಂದು ಕೇಳಿದೆ. ಕೊಳೆ ಇಲ್ಲದಿದ್ದರೆ ಆಟದ ಸಾಮಾನಿನ ಹಾಗೆ ಕಾಣುತ್ತದಂತೆ. ಗಾಡಿ ಓಡಿದ್ದರ ಗುರುತು ಅದರ ಮೇಲೆ ಇರಬೇಕಂತೆ. ತೀರ್ಪು ಕೊಡುವ ಡಾಕ್ಟರು ಒಟ್ಟು ಅಂಕದಲ್ಲಿ ಅರ್ಧ ಕೊಡುವುದೇ ಕೊಳೆಗಂತೆ.

"ಹೊರಡುವ ಮುನ್ನ ಅಂತ ಬರೆದಿದ್ದೀರಲ್ಲ, ಹೊರಡುವ ಮುನ್ನ ಅದನ್ನ ತೊಳೀತಿದ್ದೋರು ಯಾರು?" ಎಂದೆ.

"ನಿನ್ನನ್ನ ಯಾರು ಏನಂದ್ರು ಈಗ? ಈ ಕೊಳೆ ಹೊರಗಿನಿಂದ ನೋಡೋಕೆ ಬರೋರಿಗೆ ಕಣೇ."

"ಮೂರನೇ ಬೋಗೀಲಿ ತಲೆ ಬಾಚ್ಕೊಳ್ತಿದ್ದೋರು ನೀವು. ಕೊಳೇಲಿ ಮುಖ ಕಾಣ್ತಿತ್ತಾ?"

ಅವರು ಬ್ರಷ್ಷನ್ನು ಮತ್ತೆ ಮಸಿಯಲ್ಲಿ ಅದ್ದಿದರು. ಗೊತ್ತಿಲ್ಲದೆ ಮಾಡಿದ್ದರೆ ತಿಳಿಸಿ ಹೇಳಬಹುದಿತ್ತು. ಗೊತ್ತಿದ್ದೂ ಮಾಡುವವರಿಗೆ ಏನು ಹೇಳುವುದು. ನನಗೆ ಮೈಯೆಲ್ಲ ಉರಿದುಹೋಯಿತು. ಮಗಳು ಸಂಜೆ ಬಂದು, ಹೋಗಲಿ ಬಿಡಮ್ಮ, ಆಟದ ಗಾಡಿ ತಾನೇ ಎಂದಳು. ನಿನ್ನ ಔಷಧಿ ಅಂಗಡಿಯ ಗೊಂಬೆಮನೆ ಮಾಡಿ, ಒಳಗೆ ಇಲಿಗಳನ್ನು ಬಿಟ್ಟು, ಊರಿಗೆಲ್ಲ ತೋರಿಸುತ್ತೇನೆ, ಆಗಬಹುದಾ ಎಂದು ಕೇಳಿದೆ. ಅವಳೂ ನನ್ನ ಪಕ್ಕಕ್ಕೆ ಬಂದು ಕೂತು ಅಪ್ಪನನ್ನು ದುರುಗುಟ್ಟಿ ನೋಡಿದಳು.

ಎರಡು ಕಡೆಯಿಂದ ಮುಖ ಊದಿಸಿಕೊಂಡರೆ ಕಿಂಡಿರಾಯರಿಗೆ ಅನ್ನ ಇಳಿಯುವುದಿಲ್ಲ. ಕೊನೆಗೆ ಅವರೇ ಒಪ್ಪಂದಕ್ಕೆ ಬಂದರು. ಉಳಿದ ಬೋಗಿಗಳು ಸಂಘದ್ದು, ಮೂರನೇ ಬೋಗಿ ನಿನ್ನದು, ಅದಕ್ಕೆ ಮಸಿ ಮುಟ್ಟಿಸುವುದಿಲ್ಲ ಎಂದರು. ಮಗಳ ಎದುರಿಗೇ ಹೇಳಿದರು. ಒಂದು ಬೋಗಿಯಾದರೂ ನಮ್ಮ ಕೈಯ ಕೆಲಸ ತೋರಿಸಲಿ ಎಂದು ನಾನೂ ಸುಮ್ಮನಾದೆ. ಗ್ಯಾಂಗಿನವರಿಗೆ, ಮೂರನೇ ಬೋಗಿ ನೋಡಿ, ಉಳಿದದ್ದರ ಮೇಲೆ ಗಂಡಸರು ಕೈಯಾಡಿಸಿದ್ದಾರೆ ಎಂದು ಮೊದಲೇ ಹೇಳಿಕಳಿಸಿದೆ.

ಪ್ರದರ್ಶನ ಇಟ್ಟದ್ದು ಒಂದು ಶಾಲೆಯ ಸಭಾಂಗಣದಲ್ಲಿ. ಉದ್ದ ಮೇಜುಗಳ ಮೇಲೆ ಹಸಿರು ಬಟ್ಟೆ, ಅದರ ಮೇಲೆ ಸಾಲು ಸಾಲು ಗಾಡಿಗಳು, ಎಲ್ಲವೂ ಕೊಳೆಯಲ್ಲಿ ಒಂದನ್ನೊಂದು ಮೀರಿಸುವಂಥವು. ಲೋಕದ ಯಾವ ಊರಿನಲ್ಲಿಯೂ ಯಾರೂ ಗಾಡಿ ತೊಳೆದೇ ಇಲ್ಲವೇನೋ ಎನ್ನುವ ಹಾಗಿತ್ತು. ನಮ್ಮ ಗ್ಯಾಂಗಿನ ಮೂವರು ಬಂದಿದ್ದರು. ಒಳ್ಳೆಯ ಬಟ್ಟೆ ಉಟ್ಟು, ಕೂದಲು ಒಪ್ಪ ಮಾಡಿಕೊಂಡು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲ ಬಳಿಯೇ ಇದ್ದರು. ಅವರಲ್ಲಿ ಹಿರಿಯವಳಿಗೆ ಮೊಣಕಾಲು ಬಗ್ಗುವುದಿಲ್ಲ, ಅದು ಆ ಯಾರ್ಡಿನ ನೀರು ಕೊಟ್ಟ ಪಿಂಚಣಿ. ನಾನು ಕೈ ಹಿಡಿದು ಕರೆದುಕೊಂಡು ಹೋಗಿ ಗಾಡಿಯ ಮುಂದೆ ನಿಲ್ಲಿಸಿದೆ. ಅವಳು ಬಗ್ಗಲಾರದೆ ಬಗ್ಗಿ ನೋಡಿದಳು. ಮಸಿ ಮೆತ್ತಿದ ಬೋಗಿಗಳ ನಡುವೆ ಮೂರನೆಯದು ಒಂದೇ ಮಿನುಗುತ್ತಿತ್ತು.

"ಇದು ನಮ್ಮದು, ಅಲ್ವಾ ಮೇಸ್ತ್ರಿಯಕ್ಕ?" ಎಂದಳು.

ಹೌದು ಎಂದೆ. ಅಷ್ಟರಲ್ಲಿ ಹಲ್ಲಿನ ಡಾಕ್ಟರು ಬಂದರು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಭೂತಗನ್ನಡಿ. ಗಾಡಿಯ ಬಾಯಿ ತೆರೆಸಿ ಹುಳುಕು ಹುಡುಕುವವರ ಹಾಗೆ ಎಂಜಿನ್ನಿನಿಂದ ಶುರು ಮಾಡಿ ಒಂದೊಂದೇ ಬೋಗಿ ನೋಡುತ್ತಾ ಬಂದರು. ಕೊಳೆಯನ್ನು ಬಹಳ ಮೆಚ್ಚಿದರು. ಕಿಂಡಿರಾಯರು ಪಕ್ಕದಲ್ಲಿ ಕೈಕಟ್ಟಿ ನಿಂತು ಹಲ್ಲು ಕಿರಿಯುತ್ತಿದ್ದರು. ಮೂರನೇ ಬೋಗಿಯ ಹತ್ತಿರ ಟಾರ್ಚು ನಿಂತಿತು. ಇದೊಂದು ಯಾಕೆ ಹೀಗಿದೆ, ಇಡೀ ಗಾಡಿ ಕೆಡಿಸುತ್ತಿದೆಯಲ್ಲ ಎಂದು ಡಾಕ್ಟರು ಕೇಳಿದರು. ಇದನ್ನು ತೊಳೆದಿದ್ದಾರೆ ಎಂದು ತೋರಿಸುವುದು ನಿಮ್ಮ ಉದ್ದೇಶವೇ ಎಂದೂ ಕೇಳಿದರು. ಕಿಂಡಿರಾಯರ ಬಾಯಿಗೆ ಒಂದು ಹೌದು ಹಾಕಿ, ಇನ್ನು ಹೊರಗೆ ಬಿಡುವುದಷ್ಟೇ ಬಾಕಿ ಎಂಬಂತೆ ಕೇಳಿದ ಪ್ರಶ್ನೆ ಅದು. ಹೌದು ಎಂದಿದ್ದರೆ ಸಾಕಿತ್ತು. ಶೀಲ್ಡು ಹೋದರೆ ಹೋಗುತ್ತಿತ್ತು.

ಅವರು ನನ್ನ ಕಡೆ ನೋಡಲಿಲ್ಲ. ನನ್ನ ಹಿಂದೆ ನಿಂತ ಮೂವರ ಕಡೆಯೂ ನೋಡಲಿಲ್ಲ.

"ಆಗೆಲ್ಲ ಯಾರು ತೊಳೀತಿದ್ರು ಸಾರ್," ಎಂದರು. "ಇದೊಂದು ಮರ್ತು ಬಿಟ್ಟಿದ್ದೆ."

ಹಾಗೆಂದು ಜೇಬಿಗೆ ಕೈ ಹಾಕಿದರು. ಹಿಂದೆ ಬಾಚಣಿಗೆ ಇರುತ್ತಿದ್ದ ಜೇಬು ಅದು. ಅದರಿಂದ ಮಸಿಯ ಡಬ್ಬಿ ಮತ್ತು ಬ್ರಷ್ಷು ಹೊರಗೆ ಬಂತು. ಎಂದರೆ ಮನೆಯಿಂದಲೇ ತಯಾರಾಗಿ ತಂದಿದ್ದರು. ನಮ್ಮೆಲ್ಲರ ಕಣ್ಣೆದುರಿಗೆ ಮೂರನೇ ಬೋಗಿಯ ಮೈಗೆ, ತಲೆ ಬಾಚಿಕೊಳ್ಳುತ್ತಿದ್ದ ಆ ಬಾಗಿಲ ಪಕ್ಕಕ್ಕೇ ಮೊದಲು, ನಿಧಾನವಾಗಿ ಮಸಿ ಸವರಿದರು. ಡಾಕ್ಟರು ಭೇಷ್ ಎಂದರು.

ನಾನು ಆ ಮನುಷ್ಯನನ್ನು ಅಲ್ಲಿಯೇ ಹಿಡಿದು ಝಾಡಿಸಬಹುದಿತ್ತು. ನನ್ನ ಬಾಯಿಗೆ ಹೆದರಿ ಯಾರ್ಡಿನ ಡ್ರೈವರುಗಳು ದಾರಿ ಬಿಡುತ್ತಿದ್ದರು. ಆದರೆ ಗ್ಯಾಂಗಿನವರ ಮುಖ ನೋಡಿ ಅವರ ಕಡೆಗೇ ಹೋದೆ. ಹಿರಿಯವಳು ಮೊಣಕಾಲು ಹಿಡಿದುಕೊಂಡು ನೆಟ್ಟಗೆ ನಿಂತಳು. ಕೋಪವೇನೂ ಇರಲಿಲ್ಲ ಅವಳಿಗೆ, ಅದರಿಂದಲೇ ನನಗೆ ಹೆಚ್ಚು ನೋವಾದದ್ದು. ಬಸ್ಸು ತಪ್ಪಿಹೋಗುತ್ತದೆ, ಬರುತ್ತೇವೆ ಎಂದು ಹೇಳಿ ಮೂವರೂ ಹೊರಟರು. ಅವರನ್ನು ಬಾಗಿಲವರೆಗೆ ಬಿಟ್ಟು ಬರುವಷ್ಟರಲ್ಲಿ ಕಿಂಡಿರಾಯರಿಗೆ ಶೀಲ್ಡು ಬಂದಿತ್ತು.

ಮನೆಯಲ್ಲಿ ನಾನು ಜಗಳ ತೆಗೆಯಲಿಲ್ಲ. ಶೀಲ್ಡು ನಡುಮನೆಯ ಗಾಜಿನ ಕಪಾಟಿನಲ್ಲಿ ಗಾಡಿಯ ಪಕ್ಕದಲ್ಲಿ ಕೂತಿತು. ಬಂದವರಿಗೆಲ್ಲ ಅದನ್ನು ತೋರಿಸಿ ಕಥೆ ಹೇಳಿದರು. ಕಥೆಯಲ್ಲಿ ಗುಜರಿಯ ಬಣ್ಣದ ಚಕ್ಕೆ ಇತ್ತು, ಡಾಕ್ಟರ ಟಾರ್ಚು ಇತ್ತು, ನಾನು ಇರಲಿಲ್ಲ. ನಾನು ನನ್ನ ಪಾಡಿಗೆ ಮನೆಗೆಲಸ ಮಾಡಿಕೊಂಡಿದ್ದೆ. ನನ್ನ ತಟ್ಟೆ, ಮಗಳ ತಟ್ಟೆ, ನನ್ನ ಬಟ್ಟೆ, ಮಗಳ ಬಟ್ಟೆ. ಕಿಂಡಿರಾಯರ ತಟ್ಟೆ ಇಟ್ಟಲ್ಲೇ ಇತ್ತು, ಅಂಗಿ ಬಿಚ್ಚಿದಲ್ಲೇ ಇತ್ತು. ಮೊದಲು ಅವರು ಗಮನಿಸಲಿಲ್ಲ. ಆಮೇಲೆ ನಾನು ಮರೆತಿದ್ದೇನೆ ಎಂದುಕೊಂಡರು. ಆಮೇಲೆ ಅಂಗಿಯ ಕಾಲರು ಅವರ ಬೋಗಿಯ ಚಾವಣಿಯ ಬಣ್ಣಕ್ಕೆ ಬಂತು. ಡಾಕ್ಟರು ನೋಡಿದ್ದರೆ ಆ ಅಂಗಿಗೂ ಅರ್ಧದಷ್ಟು ಅಂಕ ಕೊಡುತ್ತಿದ್ದರು.

ಹಿತ್ತಾಳೆಯನ್ನು ಉಜ್ಜದಿದ್ದರೆ ಕಪ್ಪಾಗುತ್ತದೆ ಎನ್ನುವುದು ಹೆಂಗಸರಿಗೆ ಗೊತ್ತಿರುವ ಮಾತು, ಕಿಂಡಿರಾಯರಿಗೆ ಅದು ಹೊಸ ಸಮಾಚಾರ. ಶೀಲ್ಡಿನ ಮೇಲೆ ಅವರ ಹೆಸರು ಮಾಸುತ್ತಾ ಬಂತು. ಕಪಾಟಿನ ಗಾಜಿನ ಮೇಲೆ ಧೂಳು, ಮಳೆಗಾಲದ ತೇವ, ಅಡುಗೆಯ ಎಣ್ಣೆ ಜಿಡ್ಡು ಪದರ ಪದರವಾಗಿ ಕೂತು, ಒಳಗೆ ಗಾಡಿ ಇದೆಯೋ ಇಲ್ಲವೋ ಎನ್ನುವ ಹಾಗಾಯಿತು.

ಒಂದು ಭಾನುವಾರ ಹಲ್ಲಿನ ಡಾಕ್ಟರು ಬೇರೆ ಊರಿನ ಸಂಘದವರನ್ನು ಕರೆದುಕೊಂಡು ಗಾಡಿ ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ಕಿಂಡಿರಾಯರು ಬೆಳಗಿನಿಂದ ಕಪಾಟಿನ ಮುಂದೆ ಶತಪಥ ಹಾಕಿದರು. ನಾನು ಕಿಟಕಿಯ ಬಳಿ ಕೂತು ಮಗಳ ಅಂಗಿಗೆ ಗುಂಡಿ ಹೊಲಿಯುತ್ತಿದ್ದೆ. ಎರಡು ಸಲ ಕೆಮ್ಮಿದರು. ಆಮೇಲೆ ಹತ್ತಿರ ಬಂದು ನಿಂತರು.

"ಏನೇ, ಆ ಗಾಜು, ಆ ಶೀಲ್ಡು ಒಂಚೂರು ತೊಳೆದು ಕೊಡ್ತೀಯಾ? ಅವರು ಬರೋ ಹೊತ್ತಾಯ್ತು."

ನಾನು ದಾರ ಕಚ್ಚಿ ತುಂಡು ಮಾಡಿದೆ.

"ಈಗೆಲ್ಲ ಯಾರು ತೊಳೀತಾರೆ ರೀ," ಎಂದೆ.

ಮಾತು ಎಲ್ಲಿಂದ ಬಂತು ಎಂದು ಅವರಿಗೆ ನೆನಪಾದದ್ದು ಕಿವಿ ಕೆಂಪಾದದ್ದರಿಂದ ನನಗೆ ತಿಳಿಯಿತು. ತಪ್ಪಾಯಿತು ಎನ್ನಲು ಬಾಯಿ ತೆರೆದರೋ, ಉಸಿರಾಡಲು ತೆರೆದರೋ ಗೊತ್ತಿಲ್ಲ, ಹಾಗೆಯೇ ಮುಚ್ಚಿದರು. ಹೊತ್ತಿಗೆ ಸರಿಯಾಗಿ ಮುಚ್ಚಿ ರೂಢಿಯಾದ ಬಾಯಿ ಅದು.

ಬಚ್ಚಲಿಗೆ ಹೋಗಿ ಬಕೆಟ್ಟಿನಲ್ಲಿ ಅರ್ಧ ನೀರು ತಂದರು, ಅದನ್ನೂ ಎರಡು ಕೈಯಲ್ಲಿ. ಸೋಪು ಎಲ್ಲಿದೆ ಎಂದು ಕೇಳಲು ಮುಖವಿಲ್ಲದೆ ತಾವೇ ಹುಡುಕಿಕೊಂಡರು. ಬಟ್ಟೆ ನೆನೆಸಿ, ಹಿಂಡಲು ಬಾರದೆ ನೆಲವೆಲ್ಲ ಒದ್ದೆ ಮಾಡಿ, ಮೊಣಕಾಲೂರಿ ಕೂತು, ಕಪಾಟಿನ ಗಾಜನ್ನು ಕೆಳಗಿನಿಂದ ಒರೆಸಲು ಶುರು ಮಾಡಿದರು. ಒರೆಸಿ ಮೇಲಕ್ಕೆ ಹೋದ ಹಾಗೆಲ್ಲ ಮೇಲಿನ ಕೊಳೆ ನೀರಾಗಿ ಗೆರೆ ಗೆರೆಯಾಗಿ ಕೆಳಗೆ ಇಳಿಯುತ್ತಿತ್ತು. ಮತ್ತೆ ಕೆಳಗೆ ಬಂದು ಮೊದಲಿನಿಂದ ಒರೆಸಿದರು. ಬಾಗಿಲು ತಟ್ಟಿದ ಸದ್ದಾಯಿತು. ಮೇಲಿನಿಂದ ಕೆಳಕ್ಕೆ ಎನ್ನುವುದು ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಎದ್ದು ಹೋಗಿ ಡಾಕ್ಟರಿಗೆ ಬಾಗಿಲು ತೆಗೆದೆ.